ಶಾಲೆಯ ಗಂಟು ಯಾರ ಕೈಯಲ್ಲಿ?

1976ರ 42ನೆಯ ತಿದ್ದುಪಡಿಯ ತನಕ ಶಿಕ್ಷಣ ರಾಜ್ಯಗಳ ಪಟ್ಟಿಯಲ್ಲಿತ್ತು. ತುರ್ತು ಪರಿಸ್ಥಿತಿಯ ಕತ್ತಲಲ್ಲಿ ಅದನ್ನು ಸಮವರ್ತಿ ಪಟ್ಟಿಗೆ ಎಳೆದೊಯ್ದರು. ಅಂದಿನಿಂದ ಅಪ್ಪಣೆ ದಿಲ್ಲಿಯದು, ಸಂಬಳದ ಹೊರೆ ರಾಜ್ಯದ್ದು.

2004ರಲ್ಲಿ ಕೇಂದ್ರದ ತೆರಿಗೆಗಳ ಮೇಲೆ ನೂರಕ್ಕೆ 2ರಂತೆ ಶಿಕ್ಷಣದ ಸೆಸ್ ಬಿತ್ತು. ಸಾಬೂನು ಕೊಂಡ ಗಿರಣಿ ಕಾರ್ಮಿಕನೂ ಅದನ್ನು ತೆತ್ತ. ಇಂದು ಆರೋಗ್ಯವನ್ನೂ ಸೇರಿಸಿ ಆದಾಯ ತೆರಿಗೆಯ ಮೇಲೆ ನೂರಕ್ಕೆ 4. ಸಂವಿಧಾನದ 270ನೆಯ ವಿಧಿಯಂತೆ ಸೆಸ್ಸಿನಲ್ಲಿ ರಾಜ್ಯಗಳಿಗೆ ಪಾಲಿಲ್ಲ. ನಮ್ಮ ಹಣವೇ ದಿಲ್ಲಿಗೆ ಹೋಗಿ, ಷರತ್ತು ಹೊತ್ತು, 'ಅನುದಾನ'ವೆಂಬ ಹೆಸರಿನಲ್ಲಿ ಮರಳುತ್ತದೆ. ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ 2024-25ರಲ್ಲಿ ಸಮಗ್ರ ಶಿಕ್ಷಣದ ಹಣ ತಡೆಹಿಡಿದರು. ಮಕ್ಕಳ ಪಾಠವನ್ನೇ ಒತ್ತೆಯಿಟ್ಟಂತಾಯಿತು!

ಆದರೆ ಬರಿಗೈಯ ಅಧಿಕಾರ ನಮಗೆ ಬೇಡ. ಹೊಣೆ ದಾಟಿಸಿ ದುಡ್ಡು ಉಳಿಸಿಕೊಳ್ಳುವುದು ಹಳೆಯ ಹೂಟ. ಸರ್ವ ಶಿಕ್ಷಣ ಅಭಿಯಾನದಲ್ಲಿ ನೂರಕ್ಕೆ 85ರಷ್ಟಿದ್ದ ಕೇಂದ್ರದ ಪಾಲು ನಮ್ಮಂಥ ರಾಜ್ಯಗಳಿಗೆ 60ಕ್ಕೆ ಇಳಿದದ್ದು ಹೀಗೆಯೇ.

ಶಿಕ್ಷಣ ರಾಜ್ಯ ಪಟ್ಟಿಗೆ ಮರಳಲಿ. ಸೆಸ್ಸಿನ ಪಾಲೂ ಹಕ್ಕಾಗಿ ಬರಲಿ. ಬೆಂಗಳೂರಿಗೂ ನಮ್ಮ ಮಾತಿದೆ: ಬಂದ ಹಣದ ಲೆಕ್ಕವನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಯಿಸಿ. ತೆರಿಗೆ ತೆರುವವರೂ ನಾವೇ, ಕೈಯೊಡ್ಡಿ ನಿಲ್ಲುವವರೂ ನಾವೇ ಎಂಬ ಕಾಲ ಸಾಕು.