ಕಲ್ಲಿನ ನೆರಿಗೆ



ನನ್ನ ಮೊಮ್ಮಗನು ಸಂಡೂರಿನ ಬೆಟ್ಟಗಳನ್ನು ನೋಡಿಬಂದು, ಅಂಗೈಯಗಲದ ಕಲ್ಲೊಂದನ್ನು ನನ್ನ ಮುಂದಿಟ್ಟನು. ಕೆಂಪು ಕಬ್ಬಿಣದ ಪದರ, ಬೆಣಚುಕಲ್ಲಿನ ಪದರ, ಹೀಗೆ ಒಂದರ ಮೇಲೊಂದಾಗಿ ಎಲ್ಲವೂ ಸೀರೆಯ ನೆರಿಗೆಯಂತೆ ಬಾಗಿದ್ದುವು. "ತಾತ, ಕಲ್ಲು ಒಡೆಯಬೇಕಲ್ಲದೆ ಮಡಿಯುವುದುಂಟೆ?" ಎಂದನು. "ಹಸಿಯ ಕೆಸರಾಗಿದ್ದಾಗ ಮಡಿಯಿತು, ಮಗು" ಎಂದುಬಿಟ್ಟೆನು. ಉಪಾಧ್ಯಾಯನ ನಾಲಗೆಗೆ 'ತಿಳಿಯದು' ಎಂಬ ಮಾತು ಸುಲಭವಾಗಿ ಬಾರದು. ರಾತ್ರಿ ಗ್ರಂಥಗಳನ್ನು ನೋಡಲಾಗಿ ಉತ್ತರವು ತಪ್ಪೆಂದು ತಿಳಿಯಿತು.

ಕೆಸರು ಜಾರಿ ಮಡಿಯುವುದೂ ಉಂಟು. ಆದರೆ ಪ್ರಾಚೀನ ಪರ್ವತಶ್ರೇಣಿಗಳ ದೊಡ್ಡ ಮಡಿಕೆಗಳು ಬಹುಮಟ್ಟಿಗೆ ಕಲ್ಲಾದ ಬಳಿಕ ಆದುವು. ನೆಲದಿಂದ ಹತ್ತು ಹದಿನೈದು ಕಿಲೋಮೀಟರ್ ಕೆಳಗೆ 300 ಡಿಗ್ರಿಯಷ್ಟು ಶಾಖವುಂಟು; ಸುತ್ತಲ ಭಾರದಿಂದ ಬಿರುಕು ಬಾಯ್ತೆರೆಯಲಾರದು. ಅಲ್ಲಿ ಲಕ್ಷಾಂತರ ವರ್ಷ ಮೆಲ್ಲಮೆಲ್ಲನೆ ಪಕ್ಕದಿಂದ ಒತ್ತಿದರೆ, ಹರಳುಗಳೊಳಗಿನ ಕಣಗಳು ಸರಿದು, ಕಲ್ಲು ಕರಗದೆಯೇ ಬಾಗುವುದು. ಹೊಸದಾಗಿ ಹುಟ್ಟಿದ ಅಭ್ರಕದ ರೇಕುಗಳು ಒತ್ತಡಕ್ಕೆ ಅಡ್ಡಲಾಗಿ ಸಾಲುಗೊಳ್ಳುವುವು. ಹಸಿಯ ಕೆಸರಿನಲ್ಲಿ ಇವು ಹುಟ್ಟಲಾರವು, ಇದೇ ಸಾಕ್ಷಿ.

ಮರುದಿನ ಬಾಲಕನನ್ನು ಕರೆದು ತಪ್ಪನ್ನೊಪ್ಪಿಕೊಂಡು, ಸರ್ ಜೇಮ್ಸ್ ಹಾಲರ ಪ್ರಯೋಗವನ್ನು ಮಾಡಿತೋರಿಸಿದೆನು. ಸ್ಕಾಟ್ಲೆಂಡಿನ ಈ ಪಂಡಿತರು ತಮ್ಮ ಸೀಮೆಯ ಕಡಲತೀರದಲ್ಲಿ ಬಾಗಿದ ಶಿಲಾಸ್ತರಗಳನ್ನು ಕಂಡು, ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಾಗಿಲೊಂದನ್ನಿರಿಸಿ ಭಾರವೇರಿ, ಎರಡು ಕಡೆಯಿಂದ ಹಲಗೆಗಳಿಂದ ಒತ್ತಿದರು. ಆ ವಿವರವು 1815ರಲ್ಲಿ ಅಚ್ಚಾಯಿತು. ನಾವು ಪಂಚೆಗಳನ್ನು ಹಾಸಿ ಮೇಲೆ ನಿಘಂಟನ್ನಿಟ್ಟೆವು. ಒತ್ತಿದೊಡನೆ ಅಲೆಯಂತೆ ಮಡಿಕೆಗಳೆದ್ದುವು.

"ಇನ್ನೊಂದು ಕಡೆಯಿಂದ ಒತ್ತಿದರೆ?" ಎಂದನು. ಒತ್ತಿದೆವು. ಮೊದಲಿನ ಮಡಿಕೆಗಳು ಅಳಿಯಲಿಲ್ಲ. ಅವೇ ಮತ್ತೆ ಬಾಗಿ ಸುತ್ತಿಕೊಂಡುವು. ಪುರಾತನ ಶ್ರೇಣಿಗಳಲ್ಲಿ ಆದದ್ದೂ ಇದೇ. ಧಾರವಾಡದ ಹೆಸರನ್ನೇ ಹೊತ್ತ, 250 ಕೋಟಿ ವರ್ಷಗಳಿಗೂ ಹಿಂದಿನ ನಮ್ಮ ಶಿಲಾವರ್ಗದಲ್ಲಿ ಇಂತಹ ಮರುಮಡಿಕೆಗಳು ಕಾಣುವುವು. ಯಾವ ಮಡಿಕೆಯು ಬಾಗಿಸಲ್ಪಟ್ಟಿದೆಯೋ ಅದು ಮೊದಲಿನದು, ಯಾವುದು ಬಾಗಿಸಿತೋ ಅದು ಆಮೇಲಿನದು: ಇದೇ ಭೂಗರ್ಭಶಾಸ್ತ್ರಜ್ಞರ ವ್ಯಾಕರಣಸೂತ್ರ.

ಚರ್ಮದ ಸುಕ್ಕಿಗೆ ಸಂಸ್ಕೃತದಲ್ಲಿ 'ವಲಿ' ಎಂಬ ಹೆಸರುಂಟು. ಮೊಮ್ಮಗನು ಕಲ್ಲನ್ನೂ ನನ್ನ ಹಣೆಯನ್ನೂ ಸರದಿಯಾಗಿ ನೋಡಿ ನಕ್ಕನು. ಈಗ ಆ ಕಲ್ಲು ನನ್ನ ಮೇಜಿನ ಮೇಲಿದೆ. ಯಾರಾದರೂ ಪ್ರಶ್ನೆ ಕೇಳಿದಾಗ ಒಮ್ಮೆ ಅದರತ್ತ ನೋಡಿ, ಆಮೇಲೆ ಉತ್ತರ ಕೊಡುತ್ತೇನೆ.