ಮೂರು ಉಪಚುನಾವಣೆ, ಒಂದೇ ಖಜಾನೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ತಾಲ್ಲೂಕು ನಾಲ್ಕಾದರೂ ವಿಧಾನಸಭಾ ಕ್ಷೇತ್ರಗಳು ಮೂರೇ. ಸವಣೂರು ಶಿಗ್ಗಾವಿ ಕ್ಷೇತ್ರದೊಳಗೆ ಬರುತ್ತದೆ. ಐದು ವರ್ಷ ತುಂಬುವುದರೊಳಗೆ ಈ ಮೂರೂ ಕ್ಷೇತ್ರಗಳು ಉಪಚುನಾವಣೆ ಕಂಡವು. ಶಾಸಕರು ಪಕ್ಷ ಬಿಟ್ಟಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಹಿರೇಕೆರೂರು, ಸಿ.ಎಂ. ಉದಾಸಿ ತೀರಿಕೊಂಡಿದ್ದರಿಂದ 2021ರ ಅಕ್ಟೋಬರ್‌ನಲ್ಲಿ ಹಾನಗಲ್ಲ, ಬಸವರಾಜ ಬೊಮ್ಮಾಯಿ ಲೋಕಸಭೆಗೆ ಹೋದದ್ದರಿಂದ 2024ರ ನವೆಂಬರ್‌ನಲ್ಲಿ ಶಿಗ್ಗಾವಿ. ಪ್ರತಿ ಸಲವೂ ಮಂತ್ರಿಗಳು ಠಿಕಾಣಿ ಹೂಡಿದರು, ಭರವಸೆಗಳ ಮಳೆ ಸುರಿಯಿತು. ಆ ಭರವಸೆಗಳಿಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಯಾವ ವೇದಿಕೆಯ ಮೇಲೂ ಗಟ್ಟಿಯಾಗಿ ಕೇಳಿಬರಲಿಲ್ಲ.

ಸರ್ಕಾರ ಕೊಡುವುದು ನಮ್ಮ ಕಣ್ಣಿಗೆ ಕಾಣುತ್ತದೆ, ತೆಗೆದುಕೊಳ್ಳುವುದು ಕಾಣುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಖಾತೆಗೆ ಬಿದ್ದರೆ ಮೊಬೈಲ್ ಸದ್ದು ಮಾಡುತ್ತದೆ. ಹೆಸ್ಕಾಂ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆ ಅಚ್ಚಾಗಿರುತ್ತದೆ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ದರದ ಚೀಟಿ ಕೈಗೆ ಬರುತ್ತದೆ. ಇನ್ನು ತೆಗೆದುಕೊಳ್ಳುವ ಕಡೆ ನೋಡಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು, ಲೀಟರಿಗೆ ಸುಮಾರು ಮೂರು ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್‌ನಲ್ಲಿ ಅದು ಶೇ 21.17 ಆಯಿತು, ಮತ್ತೆ ಎರಡು ರೂಪಾಯಿ. ಅಂದರೆ ಹಾನಗಲ್ಲದ ರೈತರೊಬ್ಬರು ಟ್ರ್ಯಾಕ್ಟರಿಗೆ 40 ಲೀಟರ್ ಡೀಸೆಲ್ ಹಾಕಿಸಿದರೆ, ಈ ಎರಡು ಏರಿಕೆಗಳಿಂದಲೇ ಸುಮಾರು 200 ರೂಪಾಯಿ ಹೆಚ್ಚು ಕೊಡುತ್ತಾರೆ. ಪಂಪಿನ ರಸೀದಿಯಲ್ಲಿ ಅದನ್ನು ಬೇರೆಯಾಗಿ ಬರೆದಿರುವುದಿಲ್ಲ. ಸವಣೂರಿನ ವೀಳ್ಯದೆಲೆ ಪೆಂಡಿ ಹೊತ್ತು ಹೋಗುವ ಗಾಡಿಯ ಬಾಡಿಗೆಯಲ್ಲೂ ಅದೇ ತೆರಿಗೆ ಸೇರಿಕೊಂಡಿರುತ್ತದೆ.

ಇದು ಒಂದೇ ಪಕ್ಷದ ಕಥೆಯಲ್ಲ. ಹಾನಗಲ್ಲ ಉಪಚುನಾವಣೆಯ ಫಲಿತಾಂಶ ಬಂದದ್ದು 2021ರ ನವೆಂಬರ್ 2ರಂದು. ಅಧಿಕಾರದಲ್ಲಿದ್ದ ಬಿಜೆಪಿ ಸೋತಿತ್ತು. ಮರುದಿನವೇ ಕೇಂದ್ರ ಸರ್ಕಾರ ಪೆಟ್ರೋಲ್ ಮೇಲೆ ಐದು, ಡೀಸೆಲ್ ಮೇಲೆ ಹತ್ತು ರೂಪಾಯಿ ಸುಂಕ ಇಳಿಸಿತು. ರಾಜ್ಯ ಸರ್ಕಾರವೂ ತನ್ನ ಪಾಲಿನಿಂದ ಏಳು ರೂಪಾಯಿ ಬಿಟ್ಟಿತು. ಉಪಚುನಾವಣೆಗಳ ಬಿಸಿ ತಟ್ಟಿದ್ದಕ್ಕೇ ಈ ಕಡಿತ ಎಂದು ವಿರೋಧ ಪಕ್ಷಗಳು ಹೇಳಿದವು. ಆ ಹಣದ ಬದಲು ಯಾವ ಖರ್ಚು ನಿಲ್ಲುತ್ತದೆ ಎಂದು ಮಾತ್ರ ಎರಡೂ ಕಡೆಯವರು ಹೇಳಲಿಲ್ಲ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಐದು ಗ್ಯಾರಂಟಿ ಕೊಟ್ಟರೆ, ಬಿಜೆಪಿ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಗ್ಯಾಸ್ ಸಿಲಿಂಡರ್ ಎಂದಿತು. ಹಿರೇಕೆರೂರಿನಲ್ಲಂತೂ 2018ರಲ್ಲಿ ಕಾಂಗ್ರೆಸ್ಸಿನಿಂದ ನಿಂತಿದ್ದ ಬಿ.ಸಿ. ಪಾಟೀಲ 2023ರಲ್ಲಿ ಬಿಜೆಪಿ ಅಭ್ಯರ್ಥಿ, 2018ರಲ್ಲಿ ಬಿಜೆಪಿಯಿಂದ ನಿಂತಿದ್ದ ಯು.ಬಿ. ಬಣಕಾರ ಈಗ ಕಾಂಗ್ರೆಸ್ ಶಾಸಕ. ಹೀಗಿರುವಾಗ ಪಕ್ಷದ ಬಾವುಟ ನೋಡಿ ಖಜಾನೆಯ ಗತಿ ತಿಳಿಯುವುದಿಲ್ಲ.

ಖಜಾನೆಯ ಗತಿ ತಿಳಿಯಲು ಒಂದು ಅಂಕಿ ನೆನಪಿಟ್ಟರೆ ಸಾಕು: ರಾಜಸ್ವ ಕೊರತೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಮುಂತಾದ ಆ ವರ್ಷದ ದಿನನಿತ್ಯದ ಖರ್ಚು ಆ ವರ್ಷದ ಆದಾಯವನ್ನು ಮೀರಿದರೆ ಅದು ರಾಜಸ್ವ ಕೊರತೆ. ಸಾಲ ಮಾಡಿ ಬಾವಿ ತೋಡಿಸಿದ ರೈತನಿಗೂ ಸಾಲ ಮಾಡಿ ಸಂತೆ ಮಾಡುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಹಾನಗಲ್ಲ ತಾಲ್ಲೂಕಿನ ಬಾಳಂಬೀಡ ಏತ ನೀರಾವರಿಯಂಥ ಕಾಮಗಾರಿಗೆ ಸಾಲ ತಂದರೆ ತಪ್ಪಿಲ್ಲ. ಆ ನೀರು ಮುಂದಿನ ತಲೆಮಾರಿಗೂ ಹರಿಯುತ್ತದೆ, ಸಾಲದ ಭಾರವನ್ನು ಅವರೂ ಹೊತ್ತರೆ ನ್ಯಾಯವೇ. ಈ ತಿಂಗಳ ಖರ್ಚಿಗೆ ತಂದ ಸಾಲವನ್ನು ಇನ್ನೂ ಮತ ಹಾಕುವ ವಯಸ್ಸಾಗದ ಮಕ್ಕಳ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ.

ಕರ್ನಾಟಕಕ್ಕೆ ಈ ಶಿಸ್ತು ಹೊಸದಲ್ಲ. 2002ರಲ್ಲಿ, ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, ದೇಶದ ಯಾವ ರಾಜ್ಯಕ್ಕಿಂತಲೂ ಮೊದಲು ನಾವು ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದೆವು. 2004–05ರಿಂದ ಕೋವಿಡ್ ಬರುವವರೆಗೂ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಯಾರೇ ಕುರ್ಚಿಯಲ್ಲಿದ್ದರೂ ರಾಜಸ್ವ ಉಳಿಕೆ ಉಳಿದುಬಂತು. ಸಿದ್ದರಾಮಯ್ಯ ಅವರೂ ತಮ್ಮ ಮೊದಲ ಅವಧಿಯಲ್ಲಿ ಆ ಗೆರೆ ದಾಟಲಿಲ್ಲ. 2023ರ ಫೆಬ್ರುವರಿಯಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಶಿಗ್ಗಾವಿಯ ಬೊಮ್ಮಾಯಿ ಮಂಡಿಸಿದ ಬಜೆಟ್ 402 ಕೋಟಿ ರೂಪಾಯಿ ಉಳಿಕೆ ತೋರಿಸಿತು. ಅದೇ ವರ್ಷ ಜುಲೈನಲ್ಲಿ ಹೊಸ ಸರ್ಕಾರದ ಬಜೆಟ್ 12 ಸಾವಿರ ಕೋಟಿಗೂ ಮಿಕ್ಕಿದ ಕೊರತೆ ತೋರಿಸಿತು. 2025–26ರ ಬಜೆಟ್ಟಿನ ಗಾತ್ರ 4,09,549 ಕೋಟಿ. ಗ್ಯಾರಂಟಿಗಳಿಗೆ 51,034 ಕೋಟಿ, ರಾಜಸ್ವ ಕೊರತೆ 19,262 ಕೋಟಿ.

ಗ್ಯಾರಂಟಿಗಳೆಲ್ಲ ಪೋಲು ಎಂದು ನಾನು ಹೇಳುವುದಿಲ್ಲ. ದಲ್ಲಾಳಿಗಳ ಕೈಗೆ ಸಿಗದೆ ಹೆಣ್ಣುಮಗಳ ಖಾತೆಗೆ ನೇರವಾಗಿ ಹೋಗುವ ಹಣ, ಸೋರಿಹೋಗುವ ಹತ್ತು ಯೋಜನೆಗಳಿಗಿಂತ ಮೇಲು. ಗೃಹಲಕ್ಷ್ಮಿಯಲ್ಲಿ ಆದಾಯ ತೆರಿಗೆ ಕಟ್ಟುವ ಮನೆಗಳನ್ನು ಹೊರಗಿಟ್ಟಿದ್ದಾರೆ, ಅದು ಸರಿ. ಆದರೆ ಆ ವಿವೇಕ ಉಚಿತ ವಿದ್ಯುತ್ತಿನ ಗೃಹಜ್ಯೋತಿಯಲ್ಲಿ ಇಲ್ಲ. ಕೂಲಿ ಮಾಡುವವರ ಮನೆಗೂ, ಎರಡು ಸಂಬಳ ಬರುವ ಮನೆಗೂ ಅಲ್ಲಿ ಅದೇ ಸೊನ್ನೆ ಬಿಲ್ಲು. ಇಲ್ಲದವರಿಗೆ ಕೊಡುವುದು ಧರ್ಮ. ಉಳ್ಳವರಿಗೂ ಕೊಟ್ಟು, ಅದಕ್ಕಾಗಿ ಇಲ್ಲದವರಿಂದಲೂ ಡೀಸೆಲ್ ತೆರಿಗೆ ಎತ್ತುವುದನ್ನು ನಾನು ಒಪ್ಪಲಾರೆ.

ಅಮೆರಿಕದಲ್ಲೂ ಇದೇ ಜಗಳ, ಅಲ್ಲಿ ಅದು ಬೀದಿಗೆ ಬರುತ್ತದೆ. ಖರ್ಚಿನ ಮಸೂದೆಗೆ ಒಪ್ಪಿಗೆ ಸಿಗದೆ 2025ರ ಅಕ್ಟೋಬರ್ 1ರಿಂದ 43 ದಿನ ಅಲ್ಲಿನ ಒಕ್ಕೂಟ ಸರ್ಕಾರದ ಅನೇಕ ಕಚೇರಿಗಳು ಬಾಗಿಲು ಹಾಕಿದವು. ರಿಪಬ್ಲಿಕನ್ನರು ತೆರಿಗೆ ಇಳಿಸುತ್ತೇವೆ ಎನ್ನುತ್ತಾರೆ, ಡೆಮಾಕ್ರಟರು ಸವಲತ್ತು ಉಳಿಸುತ್ತೇವೆ ಎನ್ನುತ್ತಾರೆ, ಸಾಲ ಮಾತ್ರ ಇಬ್ಬರ ಕಾಲದಲ್ಲೂ ಬೆಳೆದು 38 ಲಕ್ಷ ಕೋಟಿ ಡಾಲರ್ ದಾಟಿದೆ. 1998ರಿಂದ 2001ರವರೆಗೆ ನಾಲ್ಕು ವರ್ಷ ಅಲ್ಲಿ ಉಳಿಕೆ ಇತ್ತು. ಅದರಲ್ಲಿ ಹೆಚ್ಚು ಕಾಲ ಅಧ್ಯಕ್ಷ ಕ್ಲಿಂಟನ್ ಡೆಮಾಕ್ರಟ್, ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿ. ಒಬ್ಬರ ಖರ್ಚಿನ ಮೇಲೆ ಇನ್ನೊಬ್ಬರ ಕಣ್ಣಿತ್ತು. ನಮ್ಮಲ್ಲಿ ಹಣಕಾಸು ಮಸೂದೆ ಬಿದ್ದರೆ ಸರ್ಕಾರವೇ ಬೀಳುತ್ತದೆ, ಹಾಗಾಗಿ ಬಹುಮತ ಇರುವವರ ಖರ್ಚಿಗೆ ಸದನದೊಳಗೆ ತಡೆ ಕಡಿಮೆ. ಆ ಕಣ್ಣು ಮತದಾರರದೇ ಆಗಬೇಕು.

ಆ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇದೆ. ಗ್ರಾಮ ಪಂಚಾಯಿತಿಗೆ ಮನೆ ಕರ, ನೀರಿನ ಕರ ಕಟ್ಟಿ ರಸೀದಿ ಹಿಡಿದವರು ಬೀದಿ ದೀಪ ಏಕೆ ಉರಿಯುತ್ತಿಲ್ಲ ಎಂದು ಪಿಡಿಒ ಎದುರು ನಿಂತು ಕೇಳುತ್ತಾರೆ. ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಜಮಾ ಎಷ್ಟು, ಖರ್ಚು ಎಷ್ಟು ಎಂದು ಜನರೆದುರು ಓದಿ ಹೇಳಬೇಕು. ತಾಲ್ಲೂಕು ಪಂಚಾಯಿತಿಯಲ್ಲಿ ಹಾಗೆ ಕೇಳೋಣವೆಂದರೆ, ಅವುಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸದಸ್ಯರ ಜಾಗದಲ್ಲಿ ಆಡಳಿತಾಧಿಕಾರಿ ಕೂತರು. ಇನ್ನೊಂದು ಚುನಾವಣೆಗೆ ಈ ನಾಲ್ಕು ತಾಲ್ಲೂಕುಗಳಿಗೆ ಯಾವ ಪಕ್ಷದವರು ಬಂದರೂ ಕೇಳಬೇಕಾದ್ದು ಮೂರು ಮಾತು: ಈ ಭರವಸೆಗೆ ವರ್ಷಕ್ಕೆ ಎಷ್ಟು, ಯಾವ ತೆರಿಗೆಯಿಂದ, ಅದು ಸಾಲದಲ್ಲಿ ಬರುವುದಾದರೆ ತೀರಿಸುವ ವರ್ಷ ಯಾವುದು. ಉತ್ತರವನ್ನು ಪ್ರಣಾಳಿಕೆಯಲ್ಲೇ ಅಚ್ಚು ಹಾಕಿಸಿ ತನ್ನಿ ಎಂದು ಪಟ್ಟು ಹಿಡಿಯಬೇಕು.