ಸೇತುವೆಗೂ ಒಂದು ಛತ್ರಿ ಬೇಕು

ಜೇವರ್ಗಿಯಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವ ನಾವೆಲ್ಲ ಕಟ್ಟಿಸಂಗಾವಿ ಹತ್ತಿರ ಭೀಮಾ ನದಿ ದಾಟುತ್ತೇವೆ. ಬೇಸಿಗೆಯಲ್ಲಿ ಮೊಬೈಲ್‌ನಿಂದ ತಲೆ ಎತ್ತಿ ಕೂಡ ನೋಡಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಂದಾಗ ಮಾತ್ರ ಎಲ್ಲರಿಗೂ ಸೇತುವೆ ನೆನಪಾಯಿತು. ನೀರು ಇಳೀತು, ನಾವೂ ಮರೆತೆವು. ನಮ್ಮ ತಕರಾರು ಇದೇ: ಸೇತುವೆ ಅಂದರೆ ನಮಗೆ ಕಟ್ಟೋದು ಮಾತ್ರ, ಕಾಯೋದು ಅಲ್ಲ.

ಯುರೋಪ್, ಅಮೆರಿಕದ ಹಳ್ಳಿಗಳಲ್ಲಿ ಮರದ ಸೇತುವೆಗೆ ಮನೆ ಹಾಗೆ ಛಾವಣಿ ಹಾಕಿರುವ ಫೋಟೋ ನೀವೂ ನೋಡಿರಬಹುದು. ದಾಟುವ ಜನ ನೆನೆಯಬಾರದು ಅಂತ ಹಾಕಿದ್ದು ಅಂದುಕೊಂಡಿದ್ದೆವು. ಅಲ್ಲ, ನೆನೆಯಬಾರದ್ದು ಒಳಗಿನ ತೊಲೆಗಳು. ಬಯಲಲ್ಲಿ ಬಿಟ್ಟ ಮರದ ಸೇತುವೆ ಹದಿನೈದು ಇಪ್ಪತ್ತು ವರ್ಷಕ್ಕೆ ಕೊಳೆಯುತ್ತದೆ, ಛಾವಣಿ ಇದ್ದರೆ ನೂರು ವರ್ಷ ದಾಟುತ್ತದೆ. ಛಾವಣಿ ಹಾಳಾದರೆ ಹಲಗೆ ಬದಲಿಸಿದರೆ ಸಾಕು, ತೊಲೆ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಚಾಪೆಲ್ ಬ್ರಿಡ್ಜ್ 14ನೇ ಶತಮಾನದ್ದು. 1993ರ ಆಗಸ್ಟ್‌ನಲ್ಲಿ ಅದರ ಬಹುಭಾಗ ಸುಟ್ಟುಹೋಯಿತು. 1994ರ ಏಪ್ರಿಲ್‌ಗೆ ಮತ್ತೆ ಕಟ್ಟಿ ಜನರಿಗೆ ಬಿಟ್ಟರು.

ನಮ್ಮ ರಾಜ್ಯದಲ್ಲೂ ಮರದ ಸೇತುವೆ ಇದೆ. ಮಲೆನಾಡು, ಕರಾವಳಿಯಲ್ಲಿ ಅದಕ್ಕೆ ಕಾಲುಸಂಕ ಅಂತಾರೆ. ಹಳ್ಳದ ಮೇಲೆ ಅಡಿಕೆ ಮರದ ಕಾಂಡಗಳನ್ನು ಹಾಸಿ ಕಟ್ಟುವುದು, ಅಷ್ಟೇ. ಅದಕ್ಕೆ ಛಾವಣಿ ಇಲ್ಲ. ಮಳೆಗೆ ಕೊಳೆಯುತ್ತದೆ, ಪಾಚಿ ಹಿಡಿಯುತ್ತದೆ, ಊರಿನವರೇ ಸೇರಿ ಮತ್ತೆ ಮತ್ತೆ ಕಟ್ಟುತ್ತಾರೆ. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಹುಡುಗಿಯೊಬ್ಬಳು ಇಂಥ ಸಂಕದಿಂದ ಜಾರಿ ನೀರುಪಾಲಾದಳು. ಇದೇ ಕರಾವಳಿ ಜಿಲ್ಲೆಗಳ ಸುಳ್ಯದಲ್ಲಿ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಅವರು ಓದಿದ್ದು ಸಿವಿಲ್ ಅಲ್ಲ, ಮೆಕ್ಯಾನಿಕಲ್! ಆದರೆ ತೂಗುಸೇತುವೆಯ ಹಗ್ಗಕ್ಕೂ ತುಕ್ಕು ಹಿಡಿಯುತ್ತದೆ. ಯಾರಾದರೂ ನೋಡುತ್ತಲೇ ಇರಬೇಕು.

"ನಮ್ಮ ಕಡೆ ಎಲ್ಲಾ ಕಾಂಕ್ರೀಟು, ನಮಗ್ಯಾಕ್ರಿ ಈ ಮಾತು?" ಅಂತ ಕೇಳಬಹುದು. ಕಾಂಕ್ರೀಟಿಗೂ ವೈರಿ ನೀರೇ. ಬಿರುಕಿನಲ್ಲಿ ನೀರು ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟ್ ಒಡೆದು ಉದುರುತ್ತದೆ. ಅದಕ್ಕೇ ಸೇತುವೆಯ ಅಂಚಿನಲ್ಲಿ ನೀರು ಹೋಗೋಕೆ ಪೈಪ್ ಇಡುತ್ತಾರೆ. ಆ ಪೈಪೇ ಅದರ ಛತ್ರಿ. ಈಗ ನಿಮ್ಮೂರ ಹಳ್ಳದ ಸೇತುವೆ ಮೇಲೆ ಒಮ್ಮೆ ಇಳಿದು ನೋಡಿ. ಪೈಪಿನ ತುಂಬ ಮಣ್ಣು, ಸಂದಿಯಲ್ಲಿ ಅರಳಿ ಗಿಡ ಕಂಡರೆ ಆಶ್ಚರ್ಯ ಪಡಬೇಡಿ. ಇವನ್ನ ತೆಗೆಯೋಕೆ ಕೋಟಿ ಬೇಡ, ಒಂದು ಸಲಿಕೆ, ಅರ್ಧ ದಿನ ಸಾಕು.

ಸೇತುವೆ ಉದ್ಘಾಟನೆಗೆ ಹೆಸರು ಕೆತ್ತಿದ ಕಲ್ಲು ಇರುತ್ತದೆ. ರಿಪೇರಿಗೆ ಕಲ್ಲೂ ಇಲ್ಲ, ಹಾರವೂ ಇಲ್ಲ. ನಮ್ಮ ಪ್ರಾಜೆಕ್ಟುಗಳೂ ಹಾಗೇ ಆಗಿವೆ. ಎಲ್ಲರಿಗೂ ಹೊಸ ಡಿಸೈನ್ ಬೇಕು, ಹಳೇದನ್ನ ಪರೀಕ್ಷೆ ಮಾಡೋಕೆ ಯಾರಿಗೂ ಮನಸ್ಸಿಲ್ಲ. ಅದಕ್ಕೆ ನಮ್ಮ ಬೇಡಿಕೆ ಒಂದೇ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಾವು ನಮ್ಮ ನಮ್ಮ ಊರಿನ ಒಂದೊಂದು ಸಣ್ಣ ಸೇತುವೆ ನೋಡಿ, ಫೋಟೋ ತೆಗೆದು, ಬಿರುಕು ಅಳೆದು ಬರೆದಿಡೋಣ. ಆ ವರದಿಯನ್ನ ಪಂಚಾಯಿತಿಗೆ ಕೊಡೋಣ. ಕಾಲೇಜು ಅದಕ್ಕೆ ನಾಲ್ಕು ಮಾರ್ಕ್ಸ್ ಕೊಟ್ಟರೆ ಸಂತೋಷ. ಕೊಡದಿದ್ದರೂ ಆ ಸೇತುವೆ ದಾಟಿ ಶಾಲೆಗೆ ಹೋಗೋದು ನಮ್ಮ ತಮ್ಮ ತಂಗಿಯರೇ.